ಫಿನ್‌ಲ್ಯಾಂಡ್, ಸೌನ, ಫಿನ್ನಿಶ್ ಭಾಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಓದಲಿಕ್ಕೋ ಕೆಲಸಕ್ಕೋ ಸುಮ್ಮನೆ ಸುತ್ತಾಡಲಿಕ್ಕೋ ಫಿನ್‌ಲ್ಯಾಂಡಿಗೆ ಹೊರಟವರ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಸೌನದ, ಅಂದರೆ ಕಾದ ಕಲ್ಲಿನ ಶಾಖದಲ್ಲಿ ಕೂತು ಬೆವರುವ ಕೋಣೆಯ, ಸುತ್ತಲೇ ಇರುತ್ತವೆ. ಉಳಿದ ಕಾಲು ಪಾಲು ಭಾಷೆಯದ್ದು. ಈ ಪುಟವೂ ಅದೇ ಅಳತೆಯಲ್ಲಿದೆ. ಫಿನ್ನಿಶ್ ಪದಗಳನ್ನು ಕನ್ನಡ ಲಿಪಿಯಲ್ಲಿ ಆದಷ್ಟು ಹತ್ತಿರಕ್ಕೆ ಬರೆದಿದ್ದೇವೆ. ಎರಡು ಮೂರು ಸ್ವರಗಳಿಗೆ ನಮ್ಮಲ್ಲಿ ಅಕ್ಷರವಿಲ್ಲ, ಅವು ಬಂದಲ್ಲಿ ಹೇಳುತ್ತೇವೆ.

"ಸಾನಾ" ಅನ್ನಬೇಕೋ "ಸೌನ" ಅನ್ನಬೇಕೋ?

ಸೌನ. "ಸೌತೆಕಾಯಿ"ಯ ಸೌ. ಕೊನೆಯ ಸ್ವರವನ್ನು ಎಳೆಯಬೇಡಿ. ಇಂಗ್ಲಿಷಿನವರು "ಸಾನಾ" ಅಂದಾಗ ಫಿನ್‌ಲ್ಯಾಂಡಿನವರು ಬಾಯಿಬಿಟ್ಟು ತಿದ್ದದಿದ್ದರೂ ಒಳಗೊಳಗೆ ಮುಖ ಸಿಂಡರಿಸುತ್ತಾರೆ. ಕನ್ನಡದವರಿಗೆ ಇದು ಮೊದಲ ಸಲಕ್ಕೇ ಸರಿಯಾಗಿ ಬರುತ್ತದೆ.

ಪ್ರತಿ ಮನೆಯಲ್ಲೂ ಸೌನ ಇರುತ್ತದೆ ಅನ್ನುವುದು ನಿಜವೇ?

ಹೆಚ್ಚುಕಡಿಮೆ ನಿಜ. ಸುಮಾರು 56 ಲಕ್ಷ ಜನಸಂಖ್ಯೆಯ ದೇಶದಲ್ಲಿ 30 ಲಕ್ಷದಷ್ಟು ಸೌನಗಳಿವೆ ಎಂಬ ಅಂದಾಜಿದೆ. ಸ್ವಂತ ಮನೆಯಲ್ಲಿ, ಕೆರೆ ದಂಡೆಯ ಬೇಸಿಗೆ ಮನೆಯಲ್ಲಿ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಕಚೇರಿಯಲ್ಲಿ, ಈಜುಕೊಳದಲ್ಲಿ, ಸಂಸತ್ ಭವನದಲ್ಲಿ ಕೂಡ ಒಂದಿದೆ. ಅಧ್ಯಕ್ಷರಾಗಿದ್ದ ಉರ್ಹೊ ಕೆಕ್ಕೊನೆನ್ 1960ರಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಅವರನ್ನು ತಮ್ಮ ಮನೆಯ ಸೌನಕ್ಕೆ ಕರೆದೊಯ್ದದ್ದು ಇಂದಿಗೂ ಮಾತಿಗೆ ಬರುವ ವಿಷಯ.

ಇದನ್ನು ಸ್ಪಾ, ಐಷಾರಾಮ ಅಂತ ನೋಡಿದರೆ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತದೆ. ನಮ್ಮ ಹಳೆಯ ಮನೆಗಳ ಬಚ್ಚಲುಮನೆ, ಹಂಡೆ, ಒಲೆ ಇದ್ದ ಹಾಗೆ ಇದು ಮನೆಯ ಒಂದು ಭಾಗ. ಹಿಂದೆ ಹೆರಿಗೆ ಆಗುತ್ತಿದ್ದದ್ದು ಅಲ್ಲೇ, ಸತ್ತವರಿಗೆ ಮೀಯಿಸುತ್ತಿದ್ದದ್ದೂ ಅಲ್ಲೇ. ಮನೆಯಲ್ಲಿ ಬಿಸಿನೀರು, ಬೆಚ್ಚನೆಯ ಜಾಗ, ಹೊಗೆಯಿಂದ ಶುದ್ಧವಾದ ಗೋಡೆ ಮೂರೂ ಒಟ್ಟಿಗೆ ಸಿಗುತ್ತಿದ್ದ ಕೋಣೆ ಅದೊಂದೇ. ಡಿಸೆಂಬರ್ 2020ರಲ್ಲಿ ಯುನೆಸ್ಕೊ ಫಿನ್‌ಲ್ಯಾಂಡಿನ ಸೌನ ಸಂಸ್ಕೃತಿಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಜಿಮ್ಮಿನ ಸ್ಟೀಮ್ ಬಾತ್‌ಗೂ ಇದಕ್ಕೂ ಏನು ವ್ಯತ್ಯಾಸ?

ಸ್ಟೀಮ್ ರೂಮಿನಲ್ಲಿ ಶಾಖ 40–45 ಡಿಗ್ರಿ ಸೆಲ್ಸಿಯಸ್, ತೇವಾಂಶ ಹತ್ತಿರ ಹತ್ತಿರ ನೂರಕ್ಕೆ ನೂರು. ಎದುರಿಗಿದ್ದವರ ಮುಖ ಕಾಣುವುದಿಲ್ಲ. ಸೌನದಲ್ಲಿ ಶಾಖ 70ರಿಂದ 100 ಡಿಗ್ರಿ, ಗಾಳಿ ಮೊದಲಿಗೆ ಒಣ, ಎಲ್ಲವೂ ನಿಚ್ಚಳ. ತೇವ ಬರುವುದು ಕಾದ ಕಲ್ಲಿನ ಮೇಲೆ ನೀವು ನೀರು ಹಾಕಿದಾಗ ಮಾತ್ರ. ನೀರು ಹಾಕಬೇಡಿ ಎಂದು ಬೋರ್ಡು ತೂಗುಹಾಕಿದ ಸೌನಗಳನ್ನು ಎಷ್ಟೋ ಹೋಟೆಲುಗಳಲ್ಲಿ ನೋಡಿರುತ್ತೀರಿ. ಫಿನ್‌ಲ್ಯಾಂಡಿನವರ ಲೆಕ್ಕದಲ್ಲಿ ಅದು ಬಿಸಿ ಕಪಾಟು, ಅಷ್ಟೇ.

ಲೊಯ್ಲ್ಯು ಅಂದರೆ ಏನು? ಎಲ್ಲರೂ ಅದರ ಮಾತೇ ಆಡುತ್ತಾರಲ್ಲ?

ಕಾದ ಕಲ್ಲಿನಿಂದ ಎದ್ದ ಹಬೆ, ಆ ಹಬೆಯ ಝಳ, ಆಗ ಕೋಣೆಯಲ್ಲಿರುವ ಹದ, ಇವೆಲ್ಲಕ್ಕೂ ಸೇರಿ ಇರುವ ಒಂದೇ ಹೆಸರು ಲೊಯ್ಲ್ಯು. ಬಹಳ ಹಳೆಯ ಪದ. ದೂರದ ನಂಟಿನ ಹಂಗೇರಿಯನ್ ಭಾಷೆಯಲ್ಲಿ ಇದೇ ಮೂಲದ "ಲೇಲೆಕ್" ಎಂದರೆ ಆತ್ಮ. ಮೂಲ ಅರ್ಥ ಉಸಿರು, ಪ್ರಾಣ. ಉಚ್ಚಾರಕ್ಕೆ: "ಒ" ಎನ್ನುವಾಗಿನಂತೆ ತುಟಿ ದುಂಡಗೆ ಮಾಡಿ "ಎ" ಅನ್ನಿ, ಅದು ಮೊದಲ ಸ್ವರ. "ಉ" ಎನ್ನುವಂತೆ ತುಟಿ ಚಾಚಿ "ಇ" ಅನ್ನಿ, ಅದು ಉಳಿದೆರಡು.

ಮರದ ಸೌಟಿನಲ್ಲಿ ಒಂದರಿಂದ ಎರಡು ಡೆಸಿಲೀಟರ್, ಅಂದರೆ ಅರ್ಧದಿಂದ ಒಂದು ಲೋಟ ನೀರು ಹಿಡಿಯುತ್ತದೆ. ಅದನ್ನು ಕಲ್ಲಿನ ಮೇಲೆ ಹರವಿ ಚೆಲ್ಲುತ್ತಾರೆ. ಒಂದೆರಡು ಸೆಕೆಂಡು ಏನೂ ಆಗುವುದಿಲ್ಲ. ಹಬೆ ಕಣ್ಣಿಗೆ ಕಾಣದೆ ನೆಟ್ಟಗೆ ಚಾವಣಿಗೆ ಹೋಗಿ, ಅಲ್ಲಿ ಹರಡಿ, ಮೇಲಿಂದ ಇಳಿಯುತ್ತದೆ. ಮೊದಲು ತಾಗುವುದು ಕಿವಿಯ ತುದಿಗೆ. ಆಮೇಲೆ ಭುಜ, ಬೆನ್ನು. ಮೂಗಿನ ಹೊಳ್ಳೆ ಉರಿದಂತಾದರೆ ತಲೆ ತಗ್ಗಿಸಿ, ಬಾಯಿಯಿಂದ ನಿಧಾನ ಉಸಿರೆಳೆದುಕೊಳ್ಳಿ. ಅರ್ಧ ನಿಮಿಷದಲ್ಲಿ ಅಲೆ ಇಳಿದುಹೋಗುತ್ತದೆ.

ಗೋಡೆಯ ಥರ್ಮಾಮೀಟರ್ ಆಗ ಏರುವುದಿಲ್ಲ, ಒಮ್ಮೊಮ್ಮೆ ಒಂದೆರಡು ಡಿಗ್ರಿ ಇಳಿಯುವುದೂ ಉಂಟು. ಮತ್ತೆ ಮೈ ಸುಡುವುದೇಕೆ? ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮೇಲೆ ನೀರು ಕೂಡುವಂತೆ, ಆ ಕೋಣೆಯ ಗಾಳಿಗೆ ಹೋಲಿಸಿದರೆ ತಣ್ಣಗಿರುವ ನಿಮ್ಮ ಚರ್ಮದ ಮೇಲೆ ಹಬೆ ನೀರಾಗುತ್ತದೆ. ಹಬೆ ನೀರಾಗುವಾಗ ಬಿಟ್ಟುಕೊಡುವ ಶಾಖವೇ ಆ ಝಳ. ಬೆವರು ಎಂದುಕೊಂಡಿದ್ದರಲ್ಲಿ ಒಂದು ಪಾಲು ಈ ನೀರೇ. ಆದ್ದರಿಂದ ಸೌನವನ್ನು ಡಿಗ್ರಿಯಲ್ಲಿ ಅಳೆಯಬೇಡಿ. 75 ಡಿಗ್ರಿಯಲ್ಲಿ ಒಳ್ಳೆಯ ಲೊಯ್ಲ್ಯು ಇರುವ ಕೋಣೆ, 100 ಡಿಗ್ರಿಯ ಒಣ ಕೋಣೆಗಿಂತ ಎಷ್ಟೋ ಮೇಲು.

ಬಟ್ಟೆ ಬಿಚ್ಚಲೇಬೇಕಾ?

ಮನೆಯವರು, ಸ್ನೇಹಿತರು ಸೇರುವ ಸೌನದಲ್ಲಿ ಹೆಂಗಸರದ್ದು ಒಂದು ಸರದಿ, ಗಂಡಸರದ್ದು ಇನ್ನೊಂದು. ಒಳಗೆ ಬೆತ್ತಲೆಯೇ ರೂಢಿ. ನಿಮಗೆ ಇರುಸುಮುರುಸಾದರೆ ಟವೆಲ್ ಸುತ್ತಿಕೊಂಡು ಕೂರಬಹುದು, ಯಾರೂ ಏನೂ ಅನ್ನುವುದಿಲ್ಲ. ಬರುವುದಿಲ್ಲ ಎಂದರೂ ಬೇಜಾರಿಲ್ಲ. ಆದರೆ ಸಾರ್ವಜನಿಕ ಈಜುಕೊಳದ ಸೌನಗಳಲ್ಲಿ ಈಜುಡುಗೆ ತೊಟ್ಟು ಒಳಗೆ ಹೋಗಬಾರದು ಎಂಬ ನಿಯಮವಿರುತ್ತದೆ, ಕೊಳದ ಕ್ಲೋರಿನ್ ಬಟ್ಟೆಯಿಂದ ಕಾದ ಗಾಳಿಗೆ ಸೇರುತ್ತದೆ ಎಂದು. ಅದೇ ಹೆಲ್ಸಿಂಕಿಯ ಸಮುದ್ರದಂಡೆಯ "ಲೊಯ್ಲ್ಯು" ಎಂಬ ಹೆಸರಿನ ಸೌನದಂಥ ಕಡೆ ಗಂಡು ಹೆಣ್ಣು ಒಟ್ಟಿಗೆ ಕೂರುತ್ತಾರೆ, ಅಲ್ಲಿ ಈಜುಡುಗೆ ಕಡ್ಡಾಯ. ಬಾಗಿಲಲ್ಲಿ ಬರೆದಿರುತ್ತದೆ, ಓದಿಕೊಂಡು ಒಳಗೆ ಹೋಗಿ.

ಬೆತ್ತಲೆಗೂ ಲೈಂಗಿಕತೆಗೂ ಇಲ್ಲಿ ಸಂಬಂಧವೇ ಇಲ್ಲ. ದಿಟ್ಟಿಸುವುದು, ತಮಾಷೆ, ಫೋಟೊ ಮೂರೂ ಬೇಡ. ಫೋನು ಲಾಕರಿನಲ್ಲೇ ಇರಲಿ, ಅದಕ್ಕೂ ಶಾಖ ಆಗದು.

ಮೊದಲ ಸಲ ಹೋಗುವಾಗ ಏನೇನು ಮಾಡಬೇಕು?

ಹೊಟ್ಟೆ ತುಂಬ ಉಂಡು ಹೋಗಬೇಡಿ, ಬರಿ ಹೊಟ್ಟೆಯಲ್ಲೂ ಬೇಡ. ಒಂದೆರಡು ಲೋಟ ನೀರು ಕುಡಿದಿರಿ. ಉಂಗುರ, ಬಳೆ, ಸರ, ಮಾಂಗಲ್ಯ, ಕನ್ನಡಕ ಹೊರಗಿಡಿ. ಲೋಹ ಕಾದರೆ ಚರ್ಮಕ್ಕೆ ಬರೆ ಎಳೆದಂತಾಗುತ್ತದೆ. ಮಾಂಗಲ್ಯ ತೆಗೆಯಲು ಮನಸ್ಸಿಲ್ಲದಿದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಕೆಳಗಿನ ಹಲಗೆಯಲ್ಲೇ ಕೂರಿ. ತಲೆಗೆ ಎಣ್ಣೆ ಹಚ್ಚಿಕೊಂಡಿದ್ದರೆ ಮೊದಲು ತೊಳೆಯಿರಿ, ಎಣ್ಣೆ ಮರಕ್ಕೆ ಇಳಿದರೆ ಕಲೆ ಹೋಗುವುದಿಲ್ಲ.

ಸೋಪು ಹಾಕಿ ಸ್ನಾನ ಮಾಡಿಯೇ ಒಳಗೆ ಹೋಗಬೇಕು. ಕೂರುವ ಜಾಗದಲ್ಲಿ "ಪೆಫ್ಲೆತ್ತಿ" ಎಂಬ ಚಿಕ್ಕ ಬಟ್ಟೆಯನ್ನೋ ಸ್ವಂತ ಟವೆಲನ್ನೋ ಹಾಸಿ. ಬರಿ ಹಲಗೆಯ ಮೇಲೆ ಬರಿ ಮೈ ಇಡುವುದು ಅನಾಗರಿಕ. ಮೇಲಿನ ಹಲಗೆ ಬಿಸಿ, ಕೆಳಗಿನದು ತಂಪು. ಮೊದಲ ಸಲ ನಡುವಿನದ್ದರಲ್ಲಿ ಕೂರಿ. ಬಾಗಿಲು ತೆರೆದು ನಿಂತು ಯೋಚಿಸಬೇಡಿ, ಬೇಗ ಒಳಗೆ ಬಂದು ಮುಚ್ಚಿ.

ಸಾಮಾನ್ಯವಾಗಿ ಸೌಟು ಹಿಡಿಯುವುದು ಒಲೆಯ ಹತ್ತಿರ ಕೂತವರು. ನೀರು ಹಾಕುವ ಮುಂಚೆ "ಹಾಕಲಾ?" ಎಂದು ಕೇಳುವುದು ಮರ್ಯಾದೆ. ಸೌಟು ನಿಮ್ಮ ಕೈಗೆ ಬಂದರೆ ಒಂದು ಸೌಟು ಹಾಕಿ, ಅಲೆ ಬಂದು ಹೋಗುವವರೆಗೆ ಕಾಯಿರಿ, ಬೇಕಾದರೆ ಇನ್ನೊಂದು. ಹೊಸಬರು ಸಾಮಾನ್ಯವಾಗಿ ಮೊದಲ ಸೌಟಿಗೆ ಏನೂ ಆಗಲಿಲ್ಲ ಎಂದು ಕೂಡಲೇ ಮತ್ತೆರಡು ಹಾಕಿಬಿಡುತ್ತಾರೆ, ಮೂರೂ ಒಟ್ಟಿಗೆ ಇಳಿದಾಗ ಕೋಣೆಯೇ ಖಾಲಿಯಾಗುತ್ತದೆ. ಕೈಯನ್ನು ಒಲೆಯ ಮೇಲೆ ಚಾಚಬೇಡಿ, ಏಳುವ ಹಬೆಗೆ ಮಣಿಕಟ್ಟು ಬೇಯುತ್ತದೆ. ಪಕ್ಕದಿಂದ ಎರಚಿ.

ಐದರಿಂದ ಹದಿನೈದು ನಿಮಿಷ ಸಾಕು. ಹೊರಗೆ ಬಂದು ತಣ್ಣೀರು ಹಾಕಿಕೊಳ್ಳಿ, ಇಲ್ಲವೇ ಗಾಳಿಗೆ ಕೂರಿ. ಮೈ ಪೂರಾ ತಣಿದ ಮೇಲೆ ಮತ್ತೆ ಒಳಗೆ. ಎರಡು ಮೂರು ಸುತ್ತು ರೂಢಿ. ಕೊನೆಯಲ್ಲಿ ತೊಳೆದುಕೊಂಡು, ಮೈ ಆರಲು ಬಿಟ್ಟು, ಬಟ್ಟೆ ಹಾಕಿ. ಅವಸರದಲ್ಲಿ ಬಟ್ಟೆ ಹಾಕಿಕೊಂಡವರ ಅಂಗಿ ಬಸ್ ಸ್ಟಾಪಿಗೆ ಹೋಗುವಷ್ಟರಲ್ಲಿ ಬೆವರಿನಲ್ಲಿ ತೊಯ್ದಿರುತ್ತದೆ.

ತಡೆದುಕೊಂಡು ಹೆಚ್ಚು ಹೊತ್ತು ಕೂತರೆ ಮೆಚ್ಚುತ್ತಾರಾ?

ಇಲ್ಲ. ತಲೆ ತಿರುಗಿದರೆ, ಎದೆ ಡವಗುಟ್ಟಿದರೆ, ಬೆವರು ನಿಂತುಹೋದರೆ ಎದ್ದು ಹೊರಗೆ ಬನ್ನಿ. ಹೇನೊಲ ಎಂಬ ಊರಿನಲ್ಲಿ 1999ರಿಂದ ಹೆಚ್ಚು ಹೊತ್ತು ಕೂರುವ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತಿತ್ತು. 2010ರ ಫೈನಲ್‌ನಲ್ಲಿ ಒಬ್ಬ ಸ್ಪರ್ಧಿ ಸತ್ತ ಮೇಲೆ ಅದು ನಿಂತೇ ಹೋಯಿತು. ಮೊದಲು ಎದ್ದು ಹೋದವರನ್ನು ಕೀಳಾಗಿ ನೋಡುವ ಪದ್ಧತಿ ಮನೆಯ ಸೌನಗಳಲ್ಲಿ ಇಲ್ಲ.

ಬರ್ಚ್ ಸೊಪ್ಪಿನಿಂದ ಹೊಡೆದುಕೊಳ್ಳುವುದು ಯಾಕೆ?

ಬಡಿತ ಅಲ್ಲ, ತಟ್ಟುವುದು. ಎಳೆ ಬರ್ಚ್ ರೆಂಬೆಗಳ ಈ ಕಟ್ಟಿಗೆ ಪಶ್ಚಿಮ ಫಿನ್‌ಲ್ಯಾಂಡಿನವರು "ವಿಹ್ತ" ಎನ್ನುತ್ತಾರೆ, ಪೂರ್ವದವರು "ವಸ್ತ" ಎನ್ನುತ್ತಾರೆ. ಯಾವುದು ಸರಿ ಎಂಬ ಜಗಳ ಮುಗಿದಿಲ್ಲ, ಮುಗಿಯಬೇಕೆಂದು ಯಾರಿಗೂ ಆಸೆಯೂ ಇಲ್ಲ. ತಟ್ಟಿದಾಗ ಕಾದ ಗಾಳಿ ಚರ್ಮಕ್ಕೆ ಒತ್ತುತ್ತದೆ, ರಕ್ತ ಮೇಲ್ಮೈಗೆ ಬರುತ್ತದೆ, ಕೋಣೆ ತುಂಬ ಹಸಿ ಎಲೆಯ ಪರಿಮಳ.

ಕಟ್ಟುವುದಕ್ಕೆ ಒಳ್ಳೆಯ ಕಾಲ ಜೂನ್ ಕೊನೆಯ ಯುಹನ್ನುಸ್ ಎಂಬ ನಡುಬೇಸಿಗೆ ಹಬ್ಬದ ಆಸುಪಾಸು. ಅದಕ್ಕೆ ಮೊದಲು ಎಲೆ ತೀರ ಎಳಸು, ಉದುರಿಬಿಡುತ್ತದೆ. ಬೆಳ್ಳಿ ಬರ್ಚಿನ 50–60 ಸೆಂಟಿಮೀಟರ್ ಉದ್ದದ ರೆಂಬೆಗಳನ್ನು ಆರಿಸಿ, ಎಲೆಯ ಹೊಳಪಿನ ಮಗ್ಗುಲು ಹೊರಕ್ಕೆ ಬರುವಂತೆ ಜೋಡಿಸಿ, ಬುಡದ ಒಂದು ಗೇಣು ಎಲೆ ಸವರಿ, ತಿರುಚಿ ಮೆದುಗೊಳಿಸಿದ ಬರ್ಚ್ ಕಡ್ಡಿಯಿಂದಲೋ ದಾರದಿಂದಲೋ ಬಿಗಿಯುತ್ತಾರೆ. ಚಳಿಗಾಲಕ್ಕೆ ಬೇಕಾದದ್ದನ್ನು ನೆರಳಲ್ಲಿ ತೂಗುಹಾಕಿ ಒಣಗಿಸುತ್ತಾರೆ, ಇಲ್ಲವೇ ಫ್ರೀಜರಿನಲ್ಲಿ ಇಡುತ್ತಾರೆ. ಬಳಸುವ ಮುಂಚೆ ಉಗುರು ಬೆಚ್ಚಗಿನ ನೀರಲ್ಲಿ ನೆನೆಹಾಕಬೇಕು. ಕಾದ ಕಲ್ಲಿನ ಮೇಲೆ ಇಟ್ಟು ಬೆಚ್ಚಗೆ ಮಾಡಲು ಹೋದರೆ ಎಲೆ ಸೀದು ಕೋಣೆಯೆಲ್ಲ ಕಮಟು ವಾಸನೆ.

ಒಂದು ಎಚ್ಚರಿಕೆ. ಫಿನ್‌ಲ್ಯಾಂಡಿನ ಕಾಡಿನಲ್ಲಿ ಯಾರು ಬೇಕಾದರೂ ಓಡಾಡಬಹುದು, ಹಣ್ಣು ಅಣಬೆ ಕೀಳಬಹುದು. ಆದರೆ ಬೆಳೆಯುತ್ತಿರುವ ಮರದ ರೆಂಬೆ ಕಡಿಯಲು ಜಮೀನಿನ ಮಾಲೀಕರ ಒಪ್ಪಿಗೆ ಬೇಕು.

ಹಿಮಗಡ್ಡೆಯ ಕೆರೆಗೆ ನಿಜವಾಗಿಯೂ ಇಳಿಯುತ್ತಾರಾ?

ಇಳಿಯುತ್ತಾರೆ, ಆದರೆ ಎಲ್ಲರೂ ಅಲ್ಲ. ಹಿಮಗಡ್ಡೆಯಲ್ಲಿ ಕೊರೆದ ಕಿಂಡಿಗೆ ಅವಂತೊ ಎಂದು ಹೆಸರು. ನೀರು ಸೊನ್ನೆಗಿಂತ ಚೂರು ಮೇಲೆ. ಹಾರಬೇಡಿ. ಏಣಿ ಹಿಡಿದು ಇಳಿಯಿರಿ, ತಲೆ ಮುಳುಗಿಸಬೇಡಿ. ಇಳಿದ ಕೂಡಲೇ ಉಸಿರು ಸಿಕ್ಕಿಕೊಂಡಂತೆ ಆಗುತ್ತದೆ. ಆಗ ಬೇಕೆಂದೇ ಉದ್ದವಾಗಿ ಉಸಿರು ಹೊರಬಿಡಿ. ಮೊದಲ ಸಲಕ್ಕೆ ಹತ್ತು ಸೆಕೆಂಡು ಧಾರಾಳ. ಒಂಟಿಯಾಗಿ ಹೋಗಬೇಡಿ. ಕುಡಿದು ಹೋಗಲೇಬೇಡಿ. ಒದ್ದೆ ಕಾಲು ಹಿಮಕ್ಕೆ ಅಂಟುತ್ತದೆ, ಏಣಿಯ ಲೋಹಕ್ಕೆ ಕೈಯೂ ಅಂಟುತ್ತದೆ. ಅದಕ್ಕೇ ಉಣ್ಣೆಯ ಕಾಲುಚೀಲ, ಕೈಗವಸು ಹಾಕಿಕೊಂಡೇ ಇಳಿಯುವವರನ್ನು ನೋಡುತ್ತೀರಿ.

ಆರೋಗ್ಯಕ್ಕೆ ಒಳ್ಳೆಯದೇ?

ಪೂರ್ವ ಫಿನ್‌ಲ್ಯಾಂಡಿನ 2,315 ನಡುವಯಸ್ಸಿನ ಗಂಡಸರನ್ನು ಸುಮಾರು 20 ವರ್ಷ ಗಮನಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ವಾರಕ್ಕೆ ನಾಲ್ಕರಿಂದ ಏಳು ಸಲ ಸೌನಕ್ಕೆ ಹೋಗುವವರಲ್ಲಿ, ವಾರಕ್ಕೊಮ್ಮೆ ಹೋಗುವವರಿಗಿಂತ, ಹೃದಯದ ತೊಂದರೆಯಿಂದಾದ ದಿಢೀರ್ ಸಾವು ಕಡಿಮೆ ಕಂಡಿತು. ಆದರೆ ಇದು ಗಮನಿಸಿ ಬರೆದುಕೊಂಡ ಅಧ್ಯಯನ. ಆರೋಗ್ಯ ಚೆನ್ನಾಗಿದ್ದವರೇ ಹೆಚ್ಚು ಸಲ ಹೋಗಿರಲೂಬಹುದು. ಸೌನ ಔಷಧಿ ಎಂದು ಮಾರುವವರ ಮಾತನ್ನು ಪೂರಾ ನಂಬಬೇಡಿ.

ಇತ್ತೀಚೆಗೆ ಹೃದಯಾಘಾತವಾದವರು, ಎದೆನೋವು ಹತೋಟಿಗೆ ಬಾರದವರು, ಜ್ವರ ಇರುವವರು ಹೋಗಬಾರದು. ಬಿಪಿ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಡಾಕ್ಟರನ್ನು ಕೇಳಿ ಹೋಗಲಿ. ಫಿನ್‌ಲ್ಯಾಂಡಿನಲ್ಲಿ ಪುಟ್ಟ ಮಕ್ಕಳೂ ಬರುತ್ತಾರೆ. ಕೆಳಗಿನ ಹಲಗೆ, ಕಡಿಮೆ ಶಾಖ, ಕೆಲವೇ ನಿಮಿಷ, ಮಗು ಹಟ ಮಾಡಿದ ಕ್ಷಣ ಹೊರಗೆ.

ಅಪಾರ್ಟ್‌ಮೆಂಟಿನಲ್ಲಿ "ಸೌನವುವೊರೊ" ಎಂಬ ಪಟ್ಟಿ ಹಾಕಿದ್ದಾರೆ. ಅದೇನು?

ಸೌನದ ಸರದಿ. ಎಸ್ಪೊ, ಹೆಲ್ಸಿಂಕಿ ಕಡೆ ಬಾಡಿಗೆಗೆ ಬರುವ ಬೆಂಗಳೂರಿನವರು ಹೆಚ್ಚಾಗಿ ಕೇಳುವುದು ಇದನ್ನೇ. ವಾರದಲ್ಲಿ ಇಂಥ ದಿನ, ಇಂಥ ಗಂಟೆ ನಿಮ್ಮ ಮನೆಗೆ ಎಂದು ಕಾಯಂ ಆಗಿ ಗೊತ್ತುಮಾಡುತ್ತಾರೆ. ತಿಂಗಳಿಗೆ ಚಿಕ್ಕ ಶುಲ್ಕ ಇರುತ್ತದೆ. ಶುಕ್ರವಾರ, ಶನಿವಾರ ಸಂಜೆಗೆ ಕಾಯುವವರ ಸಾಲು ಉದ್ದ. ಗಂಟೆ ಮುಗಿಯುವಷ್ಟರಲ್ಲಿ ಬಟ್ಟೆ ಹಾಕಿಕೊಂಡು, ಹಲಗೆಗೆ ನೀರು ಸುರಿದು, ನಿಮ್ಮ ಸಾಮಾನು ತೆಗೆದುಕೊಂಡು ಹೊರಟಿರಬೇಕು. ಐದು ನಿಮಿಷ ತಡವಾದರೂ ಮುಂದಿನವರು ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿರುತ್ತಾರೆ. ಏನೂ ಅನ್ನುವುದಿಲ್ಲ. ಆ ಏನೂ ಅನ್ನದಿರುವುದೇ ಬೈಗುಳ.

ಸಾರ್ವಜನಿಕ ಸೌನಗಳಲ್ಲಿ ಯಾವುದಕ್ಕೆ ಹೋಗಲಿ?

ತಂಪೆರೆ ನಗರದ ಪಿಸ್ಪಲದಲ್ಲಿರುವ ರಯಪೊರ್ತಿ 1906ರದ್ದು, ಈಗಲೂ ನಡೆಯುತ್ತಿರುವ ಸಾರ್ವಜನಿಕ ಸೌನಗಳಲ್ಲಿ ದೇಶದಲ್ಲೇ ಹಳೆಯದು. (ತಂಪು ಎರೆಯುವ ಊರಿನ ಹೆಸರಿನಂತೆ ನಮಗೆ ಕೇಳಿಸುತ್ತದೆ, ಆದರೆ ಅದು ತನ್ನನ್ನು ಕರೆದುಕೊಳ್ಳುವುದು ಜಗತ್ತಿನ ಸೌನ ರಾಜಧಾನಿ ಎಂದು.) ಹೆಲ್ಸಿಂಕಿಯ ಕಲ್ಲಿಯೊ ಬಡಾವಣೆಯ ಕೊತಿಹರ್ಯು 1928ರದ್ದು, ಸೌದೆ ಒಲೆ, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ. ಮೊದಲ ಸಲಕ್ಕೆ ಇವೆರಡರಲ್ಲಿ ಒಂದನ್ನು ಹೇಳುತ್ತೇವೆ. ಹೊಸ ಸಮುದ್ರದಂಡೆ ಸೌನಗಳ ನೋಟ ಚೆಂದ, ಲೊಯ್ಲ್ಯು ಸಾಧಾರಣ.

ಸವುಸೌನ, ಅಂದರೆ ಹೊಗೆಸೌನ ಅಂದರೇನು?

ಚಿಮಣಿ ಇಲ್ಲದ, ಎಲ್ಲಕ್ಕಿಂತ ಹಳೆಯ ಬಗೆ. ರಾಶಿಗಟ್ಟಲೆ ಕಲ್ಲಿನ ಕೆಳಗೆ ಬೆಂಕಿ ಹಾಕಿ ನಾಲ್ಕರಿಂದ ಎಂಟು ಗಂಟೆ ಉರಿಸುತ್ತಾರೆ, ಹೊಗೆ ಕೋಣೆಯಲ್ಲೇ ತುಂಬಿ ಬಾಗಿಲು, ಕಿಂಡಿಯಿಂದ ಹೊರಗೆ ಹೋಗುತ್ತದೆ. ಬೆಂಕಿ ಪೂರಾ ಸತ್ತ ಮೇಲೆ ಕೆಂಡ ಹೊರಗೆ ತೆಗೆದು, ಹೊಗೆ ಹೊರಹಾಕಿ, ಮೊದಲ ನೀರನ್ನು ಯಾರೂ ಒಳಗೆ ಕೂರದೆ ಕಲ್ಲಿಗೆ ಹಾಕಿ, ಆಮೇಲೂ ಸ್ವಲ್ಪ ಹೊತ್ತು ಬಿಡುತ್ತಾರೆ. ಇದು ಶಾಸ್ತ್ರ ಅಲ್ಲ. ಕೆಂಡ ಉಳಿದಿದ್ದರೆ ಕಾರ್ಬನ್ ಮೊನಾಕ್ಸೈಡ್ ಉಳಿದಿರುತ್ತದೆ. ಫಿನ್ನಿಶ್‌ನಲ್ಲಿ ಅದಕ್ಕೆ "ಹ್ಯಾಕ್ಯಾ". ಬಣ್ಣವಿಲ್ಲ, ವಾಸನೆಯಿಲ್ಲ, ಮೊದಲ ಲಕ್ಷಣ ತಲೆನೋವು. ಸೌದೆ ಒಲೆಯ ಸಾಮಾನ್ಯ ಸೌನದಲ್ಲೂ ಕೆಂಡದ ಮೇಲೆ ನೀಲಿ ಜ್ವಾಲೆ ಆಡುತ್ತಿರುವಾಗ ಚಿಮಣಿಯ ಮುಚ್ಚಳ ಹಾಕಿದರೆ ಇದೇ ಅಪಾಯ.

ಒಳಗಿನ ಗೋಡೆಯೆಲ್ಲ ಮಸಿ, ಒರಗಬೇಡಿ. ಲೊಯ್ಲ್ಯು ಮಾತ್ರ ಬೇರೆ ಯಾವ ಸೌನದಲ್ಲೂ ಸಿಗದಷ್ಟು ಮೃದು. ಕಲ್ಲು ಹೆಚ್ಚು, ಉರಿ ಇಲ್ಲ, ಶಾಖ ಗಂಟೆಗಟ್ಟಲೆ ನಿಲ್ಲುತ್ತದೆ. ಕೊನೆಯ ಲೊಯ್ಲ್ಯುವನ್ನು ಸೌನತೊಂತ್ತುವಿಗೆ, ಅಂದರೆ ಸೌನ ಕಾಯುವ ಕುಳ್ಳನಿಗೆ, ಬಿಟ್ಟು ಬರುವುದು ಹಳೆಯ ವಾಡಿಕೆ.

ಬೆಂಗಳೂರಿನ ಮನೆಯಲ್ಲಿ ಕಟ್ಟಿಸಬಹುದಾ?

ಕಟ್ಟಿಸಬಹುದು. ಮೊದಲು ಕರೆಂಟು ನೋಡಿ. ವಿದ್ಯುತ್ ಒಲೆಗೆ ಒಂದು ಘನ ಮೀಟರಿಗೆ ಸುಮಾರು ಒಂದು ಕಿಲೋವಾಟ್ ಲೆಕ್ಕ. 2 ಮೀಟರ್ ಅಗಲ, 2 ಮೀಟರ್ ಉದ್ದ, 2.1 ಮೀಟರ್ ಎತ್ತರದ ಕೋಣೆ 8.4 ಘನ ಮೀಟರ್. ಗಾಜು, ಟೈಲ್ಸ್, ಇಟ್ಟಿಗೆಯಂಥ ಶಾಖ ಕುಡಿಯುವ ಗೋಡೆ ಇದ್ದರೆ ಪ್ರತಿ ಚದರ ಮೀಟರಿಗೆ 1.2 ಘನ ಮೀಟರ್ ಸೇರಿಸಬೇಕು. ಎರಡು ಚದರ ಮೀಟರ್ ಗಾಜಿನ ಬಾಗಿಲು ಇಟ್ಟರೆ ಲೆಕ್ಕ 10.8ಕ್ಕೆ ಹೋಗುತ್ತದೆ, ಅಂದರೆ 11 ಕಿಲೋವಾಟಿನ ಹತ್ತಿರ. 9 ಕಿಲೋವಾಟಿನ ಒಲೆಯೇ ತ್ರೀ ಫೇಸ್‌ನಲ್ಲಿ ಫೇಸಿಗೆ 13 ಆಂಪಿಯರ್ ಎಳೆಯುತ್ತದೆ. ಸಿಂಗಲ್ ಫೇಸ್ ಮನೆಗೆ ಇದು ಆಗದ ಕೆಲಸ.

ನಂತರ ಎತ್ತರ. ಇಂಡಿಯಾದಲ್ಲಿ ಕಟ್ಟಿದ ಸೌನಗಳಲ್ಲಿ ಹೆಚ್ಚಾಗಿ ಕಾಣುವ ತಪ್ಪು ಇದೇ: ಹಲಗೆ ಕುರ್ಚಿಯ ಎತ್ತರಕ್ಕೆ ಹಾಕಿರುತ್ತಾರೆ. ಆಗ ತಲೆ ಬಿಸಿಯಲ್ಲಿ, ಕಾಲು ತಂಪಿನಲ್ಲಿ. ಮೇಲಿನ ಹಲಗೆ ಚಾವಣಿಯಿಂದ 110 ಸೆಂಟಿಮೀಟರಿನ ಆಸುಪಾಸಿಗೆ ಇರಬೇಕು, ಕೂತವರ ಪಾದ ಕಲ್ಲಿನ ಮೇಲ್ತುದಿಗಿಂತ ಮೇಲೆ ಇರಬೇಕು. ಹಲಗೆಗೆ ಆಸ್ಪೆನ್, ಆಲ್ಡರ್, ಅಬಾಚಿಯಂಥ ಹಗುರ ಮರ. ಪೈನ್ ಬೇಡ, ಶಾಖಕ್ಕೆ ಅಂಟು ಒಸರಿ ಮೈ ಸುಡುತ್ತದೆ. ತೇಗ, ಹೊನ್ನೆಯಂಥ ಗಟ್ಟಿ ಮರ ಹೆಚ್ಚು ಶಾಖ ಹಿಡಿಯುತ್ತದೆ, ಕೂರಲು ಆಗುವುದಿಲ್ಲ. ಸ್ಕ್ರೂಗಳನ್ನು ಹಲಗೆಯ ಕೆಳಗಿನಿಂದ ಹಾಕಿಸಿ. ಹಲಗೆಗೆ ವಾರ್ನಿಷ್ ಬೇಡವೇ ಬೇಡ. ಗೋಡೆಯ ಮರದ ಹಿಂದೆ ಗಾಳಿಯಾಡುವ ಸಂದು, ಅದರ ಹಿಂದೆ ಅಲ್ಯುಮಿನಿಯಂ ಹಾಳೆ, ಅದರ ಹಿಂದೆ ಶಾಖನಿರೋಧಕ. ಹಾಳೆಯ ಜೋಡಣೆಗೆ ಟೇಪು ಬಿಟ್ಟರೆ ಹಬೆ ಗೋಡೆಗೆ ಇಳಿದು ಬೂಷ್ಟು ಹಿಡಿಯುತ್ತದೆ. ಗಾಳಿ ಒಳಬರಲು, ಹೊರಹೋಗಲು ಎರಡು ಕಿಂಡಿ ಇರಲೇಬೇಕು. ಇಲ್ಲದಿದ್ದರೆ ಹತ್ತು ನಿಮಿಷಕ್ಕೇ ಉಸಿರು ಕಟ್ಟಿದಂತಾಗುತ್ತದೆ, ಜನ ಅದಕ್ಕೆ ಶಾಖವನ್ನು ಬೈಯುತ್ತಾರೆ.

ನೀರು ಹಾಕಿದರೆ ಹಬೆ ಬಾರದೆ ಕೆಳಗೆ ಸೋರುತ್ತದೆ. ಏನು ಕೆಟ್ಟಿದೆ?

ಬಹುಶಃ ಕಲ್ಲು ಕಾದಿಲ್ಲ. ಗಾಳಿ 80 ಡಿಗ್ರಿ ತೋರಿಸಿದರೂ ಕಲ್ಲಿಗೆ ಇನ್ನೂ ಸಮಯ ಬೇಕು. ವಿದ್ಯುತ್ ಒಲೆಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕೊಡಿ. ಅದಾದ ಮೇಲೂ ಸೋರಿದರೆ ಕಲ್ಲು ಹಳತಾಗಿದೆ. ಬಿಸಿ ತಣ್ಣೀರಿನ ಏಟಿಗೆ ಕಲ್ಲು ಪುಡಿಯಾಗುತ್ತ ಬರುತ್ತದೆ. ಪುಡಿ ಸಂದಿಗೆ ತುಂಬಿ ಗಾಳಿ ಆಡದೆ ಒಳಗಿನ ಕಾಯಿಲ್ ಮಿತಿಮೀರಿ ಕಾದು ಸುಟ್ಟುಹೋಗುತ್ತದೆ. ವರ್ಷಕ್ಕೊಮ್ಮೆಯಾದರೂ ಎಲ್ಲ ಕಲ್ಲು ಇಳಿಸಿ, ಕೈಯಲ್ಲಿ ಮುರಿಯುವಂಥದ್ದನ್ನು ಎಸೆದು, ದೊಡ್ಡದು ಕೆಳಗೆ ಚಿಕ್ಕದು ಮೇಲೆ, ಸಡಿಲವಾಗಿ ಜೋಡಿಸಿ. ಕಾಯಿಲ್ ಹೊರಗೆ ಕಾಣಬಾರದು. ಪೆರಿಡೊಟೈಟ್, ಆಲಿವಿನ್ ಡಯಾಬೇಸಿನಂಥ ಸೌನದ ಕಲ್ಲನ್ನೇ ತನ್ನಿ. ಹೊಳೆಯ ನುಣುಪು ಕಲ್ಲು ಕಾದಾಗ ಸಿಡಿಯುತ್ತದೆ.

ಉಪ್ಪುನೀರು, ಸುಣ್ಣದ ಬೋರ್‌ವೆಲ್ ನೀರು ಕಲ್ಲಿಗೂ ಲೋಹಕ್ಕೂ ಆಗದು. ನೀಲಗಿರಿ ಎಣ್ಣೆಯನ್ನು ನೇರ ಕಲ್ಲಿಗೆ ಹಾಕಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಒಂದು ಬಕೆಟ್ ನೀರಿಗೆ ಕೆಲವು ಹನಿ ಸಾಕು. ಒಲೆಯ ಮೇಲೆ ಬಟ್ಟೆ ಒಣಹಾಕುವುದಂತೂ ಸೌನದ ಬೆಂಕಿ ಅನಾಹುತಗಳ ಮಾಮೂಲಿ ಕಾರಣ.

ಯಾವ ದಿನ ಸೌನ?

ಶನಿವಾರ ಸಂಜೆ, ಇದು ಸಂಪ್ರದಾಯ. ಡಿಸೆಂಬರ್ 24ರ ಮಧ್ಯಾಹ್ನ 12ಕ್ಕೆ ತುರ್ಕು ನಗರದಿಂದ ಕ್ರಿಸ್‌ಮಸ್ ಶಾಂತಿಯ ಘೋಷಣೆ ಓದುತ್ತಾರೆ, ಆಮೇಲೆ ಕ್ರಿಸ್‌ಮಸ್ ಸೌನ, ಆಮೇಲೆ ಊಟ. ನರಕ ಚತುರ್ದಶಿಯ ಎಣ್ಣೆಸ್ನಾನ ಬಿಟ್ಟು ಹಬ್ಬ ಶುರುವಾಗದು ಅನ್ನುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯುಹನ್ನುಸ್‌ಗೆ ಊರೆಲ್ಲ ಕೆರೆಯ ಕಡೆ ಹೊರಟುಹೋಗುತ್ತದೆ. ಆ ವಾರಾಂತ್ಯ ಹೆಲ್ಸಿಂಕಿಗೆ ಬಂದ ಪ್ರವಾಸಿ ಖಾಲಿ ಬೀದಿ ನೋಡಿ ಗಾಬರಿಯಾಗುತ್ತಾನೆ.

ಸಸ್ಯಾಹಾರಿಗಳು ಸೌನದ ನಂತರ ಏನು ತಿನ್ನಬಹುದು?

ರೂಢಿಯ ತಿನಿಸು ಮಕ್ಕರ, ಅಂದರೆ ಸುಟ್ಟ ಸಾಸೇಜು, ಸಾಸಿವೆಯ ಜೊತೆ. "ಕಸ್ವಿಸ್" ಎಂದು ಬರೆದದ್ದು ಸಸ್ಯಾಹಾರ, ಆದರೆ ಮೊಟ್ಟೆ ಇರಬಹುದು. ರೈ ಹಿಟ್ಟಿನ ತೆಳು ಪದರದಲ್ಲಿ ಅನ್ನದ ಗಂಜಿ ತುಂಬಿದ ಕರೆಲಿಯನ್ ಪೀರಕ್ಕ ನಮ್ಮವರಿಗೆ ಹಿಡಿಸುತ್ತದೆ. ಮೇಲೆ ಸವರುವ ಬೆಣ್ಣೆಯಲ್ಲಿ ಬೇಯಿಸಿದ ಮೊಟ್ಟೆ ಕಲಸಿರುತ್ತಾರೆ, ಬೇಡವಾದರೆ ಮೊದಲೇ ಹೇಳಿ. ಸಲ್ಮಿಯಕ್ಕಿ ಎಂಬ ಕಪ್ಪು ಮಿಠಾಯಿಯಲ್ಲಿ ಅಮೋನಿಯಂ ಕ್ಲೋರೈಡ್, ಅಂದರೆ ನವಸಾಗರ, ಇರುತ್ತದೆ. ಕೊಟ್ಟವರು ನಿಮ್ಮ ಮುಖವನ್ನೇ ನೋಡುತ್ತಿರುತ್ತಾರೆ.

ಫಿನ್ನಿಶ್‌ಗೂ ಕನ್ನಡಕ್ಕೂ ನಂಟಿದೆಯಂತೆ, ಹೌದೇ?

ನಂಟಿಲ್ಲ, ಹೋಲಿಕೆ ಇದೆ. ಫಿನ್ನಿಶ್ ಉರಾಲಿಕ್ ಕುಟುಂಬದ್ದು. ಎಸ್ಟೋನಿಯನ್ ಹತ್ತಿರದ್ದು, ಹಂಗೇರಿಯನ್ ದೂರದ್ದು. 1856ರಲ್ಲಿ ಭಾಷಾ ವಿದ್ವಾಂಸ ರಾಬರ್ಟ್ ಕಾಲ್ಡ್‌ವೆಲ್ ದ್ರಾವಿಡ ಭಾಷೆಗಳನ್ನು ಫಿನ್ನಿಶ್ ಬಳಗದ ಜೊತೆ ಒಂದೇ ದೊಡ್ಡ ಗುಂಪಿಗೆ ಸೇರಿಸಿದ್ದರು. ಇಂದಿನ ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ. ಸಿಂಧೂ ಲಿಪಿಯ ಹಿಂದೆ ದ್ರಾವಿಡ ಭಾಷೆಯಿದೆ ಎಂದು ದಶಕಗಳ ಕಾಲ ವಾದಿಸಿದ ಆಸ್ಕೊ ಪರ್ಪೊಲ ಹೆಲ್ಸಿಂಕಿಯ ವಿದ್ವಾಂಸರು, ಅದು ಬೇರೆಯೇ ವಿಷಯ.

ಹೋಲಿಕೆ ಮಾತ್ರ ಕಲಿಯುವವರಿಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ತಲೊ ಎಂದರೆ ಮನೆ. ತಲೊಸ್ಸ ಮನೆಯಲ್ಲಿ, ತಲೊಸ್ತ ಮನೆಯೊಳಗಿಂದ, ತಲೋನ್ ಮನೆಯೊಳಗೆ, ತಲೊಸ್ಸಕಿನ್ ಮನೆಯಲ್ಲೂ. "ತಲೊನ್ ಅಲ್ಲ" ಎಂದರೆ ಮನೆಯ ಕೆಳಗೆ: ಷಷ್ಠಿ, ಆಮೇಲೆ ಅವ್ಯಯ, ನಮ್ಮ ಹಾಗೇ. "ನನಗೆ ಇಬ್ಬರು ಮಕ್ಕಳಿದ್ದಾರೆ" ಎಂಬಲ್ಲಿ ಹೇಗೆ ಇಂಗ್ಲಿಷಿನ ಹ್ಯಾವ್ ಇಲ್ಲವೋ ಅವರಲ್ಲೂ ಇಲ್ಲ. ಮಿನುಲ್ಲ ಒನ್, ನನ್ನ ಬಳಿ ಇದೆ, ಎನ್ನುತ್ತಾರೆ. ಪ್ರಶ್ನೆಗೆ ನಾವು "ಬರುತ್ತೀಯಾ" ಎಂದು ಕೊನೆಗೆ "ಆ" ಹಚ್ಚಿದಂತೆ ಅವರು "ಕೊ" ಹಚ್ಚುತ್ತಾರೆ: ತುಲೆತ್ಕೊ. ಬರೆದಂತೆ ಓದುವುದು, ಮಹಾಪ್ರಾಣವಿಲ್ಲದ ಕ ತ ಪ, ಹಲ್ಲಿಗೆ ತಾಗುವ ತ, ಎಲ್ಲ ನಮಗೆ ಸಲೀಸು.

ಹಾಗಾದರೆ ಕಷ್ಟ ಎಲ್ಲಿ?

ಮೂರು ಕಡೆ. ವಿಶೇಷಣಕ್ಕೂ ವಿಭಕ್ತಿ ಹಚ್ಚಬೇಕು: ಇಸೊಸ್ಸ ತಲೊಸ್ಸ, "ದೊಡ್ಡದರಲ್ಲಿ ಮನೆಯಲ್ಲಿ" ಎಂದಂತೆ. ಪದದ ನಡುವಿನ ವ್ಯಂಜನ ವಿಭಕ್ತಿ ಹಚ್ಚಿದಾಗ ಮೆತ್ತಗಾಗುತ್ತದೆ: ಕುಕ್ಕ ಹೂವು, ಕುಕನ್ ಹೂವಿನ, ಕತು ಬೀದಿ, ಕದುನ್ ಬೀದಿಯ. ಮೂರನೆಯದು ಪಾರ್ಟಿಟಿವ್ ಎಂಬ ವಿಭಕ್ತಿ. ನಾವು "ಪುಸ್ತಕ ಓದುತ್ತಿದ್ದೆ", "ಪುಸ್ತಕ ಓದಿ ಮುಗಿಸಿದೆ" ಎಂದು ಕ್ರಿಯಾಪದದಲ್ಲಿ ತೋರಿಸುವ ವ್ಯತ್ಯಾಸವನ್ನು ಅವರು ಪುಸ್ತಕದ ಮೇಲೆ ತೋರಿಸುತ್ತಾರೆ: ಲುಇನ್ ಕಿರ್ಯಾ ಓದುತ್ತಿದ್ದೆ, ಲುಇನ್ ಕಿರ್ಯನ್ ಓದಿ ಮುಗಿಸಿದೆ. ಒಟ್ಟು 15 ವಿಭಕ್ತಿ ಎಂದು ಹೆದರಿಸುತ್ತಾರೆ. ದಿನಬಳಕೆಗೆ ಬರುವುದು ಹನ್ನೊಂದು ಹನ್ನೆರಡು.

ಹ್ರಸ್ವ ದೀರ್ಘ, ಒತ್ತು ತಪ್ಪಬಾರದು. ತುಲಿ ಬೆಂಕಿ, ತೂಲಿ ಗಾಳಿ, ತುಲ್ಲಿ ಸುಂಕದ ಕಟ್ಟೆ. ತಪಾನ್ ಸಿನುತ್ ಎಂದರೆ ನಿನ್ನನ್ನು ಭೇಟಿಯಾಗುತ್ತೇನೆ. ದೀರ್ಘ ಬಿಟ್ಟು ತಪನ್ ಎಂದರೆ ಕೊಲ್ಲುತ್ತೇನೆ. ಕತೆಗೂ ಕತ್ತೆಗೂ ಭೇದ ಬಲ್ಲ ಕಿವಿಗೆ ಇದು ಅಷ್ಟೇನೂ ಹೊರೆಯಲ್ಲ.

ಬಾಸ್‌ಗೆ ನೀವು ಅನ್ನಬೇಕಾ?

"ತೇ" ಎಂದರೆ ನೀವು, "ಸಿನ್ಯಾ" ಎಂದರೆ ನೀನು. ಕಚೇರಿಯಲ್ಲಿ ಎಲ್ಲರೂ ಎಲ್ಲರಿಗೂ ಸಿನ್ಯಾ. ಸರ್, ಮೇಡಂ ಇಲ್ಲ, ಹೆಸರು ಹಿಡಿದು ಕರೆಯುವುದೇ. ತುಂಬ ವಯಸ್ಸಾದವರಿಗೆ ತೇ ಅನ್ನಬಹುದು. ಅವನು, ಅವಳು ಎರಡಕ್ಕೂ ಒಂದೇ ಪದ "ಹ್ಯಾನ್". ಮಾತಿನಲ್ಲಿ ಅದೂ ಹೋಗಿ "ಸೆ", ಅಂದರೆ "ಅದು". ಮ್ಯಾನೇಜರನ್ನು ಅದು ಎಂದು ಕರೆದರು ಎಂದು ದಂಗಾಗಬೇಡಿ. ಪ್ಲೀಸ್‌ಗೆ ಸಮವಾದ ಪದವಿಲ್ಲ, ಕೊನೆಗೆ "ಕೀತೊಸ್" ಅಂದರೆ ಸಾಕು.

ಕನ್ನಡದ ಹಾಗೆ ಕೇಳಿಸುವ ಪದಗಳಿವೆಯಾ?

ಇವೆ, ಎಲ್ಲವೂ ಕಾಕತಾಳೀಯ. "ಅನ್ನ" ಎಂದರೆ ಕೊಡು, ಹೆಂಗಸರ ಹೆಸರೂ ಹೌದು. "ಅಕ್ಕ" ಎಂದರೆ ಮುದುಕಿ, ಅದೂ ಗೌರವದ ಮಾತಲ್ಲ. ಮನೆಗೆ ಫೋನು ಮಾಡಿ ಅಕ್ಕನ ಜೊತೆ ಮಾತಾಡುವಾಗ ಪಕ್ಕದ ಸೀಟಿನವರು ತಿರುಗಿ ನೋಡಿದರೆ ಕಾರಣ ಇದೇ.